ಆಸ್ಪತ್ರೆ ಹತ್ತಿರವೇ ಇತ್ತು, ಆದರೂ ಎತ್ತಿಕೊಂಡು ಓಡಲಿಲ್ಲ: ಎರಿಕ್ಸನ್ ಪ್ರಕರಣ

2021ರ ಜೂನ್ 12, ಶನಿವಾರ ಸಂಜೆ. ಕೋಪನ್‌ಹೇಗನ್‌ನ ಪಾರ್ಕೆನ್ ಕ್ರೀಡಾಂಗಣದಲ್ಲಿ ಡೆನ್ಮಾರ್ಕ್ ಮತ್ತು ಫಿನ್‌ಲ್ಯಾಂಡ್ ನಡುವೆ ಯುರೋ ಕಪ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಕೋವಿಡ್‌ನಿಂದಾಗಿ ಒಂದು ವರ್ಷ ತಡವಾಗಿ ಶುರುವಾದ ಟೂರ್ನಿ ಅದು. ನಮ್ಮಲ್ಲಿ ಆಗ ರಾತ್ರಿ ಹತ್ತು ದಾಟಿತ್ತು. ಮೊದಲ ಅರ್ಧ ಮುಗಿಯಲು ಎರಡು ಮೂರು ನಿಮಿಷ ಬಾಕಿ ಇರುವಾಗ ಡೆನ್ಮಾರ್ಕ್‌ಗೆ ಒಂದು ಥ್ರೋ ಸಿಕ್ಕಿತು. ಚೆಂಡು ಪಡೆಯಲು ಗೆರೆಯ ಕಡೆಗೆ ಬಂದವರು ಕ್ರಿಸ್ಟಿಯನ್ ಎರಿಕ್ಸನ್. ವಯಸ್ಸು 29. ತಂಡದ ಅತ್ಯುತ್ತಮ ಆಟಗಾರ.

ಯಾರೂ ಅವರನ್ನು ತಳ್ಳಲಿಲ್ಲ. ಯಾರೂ ಹತ್ತಿರವೂ ಇರಲಿಲ್ಲ. ಎರಡು ಹೆಜ್ಜೆ ತಡವರಿಸಿ, ಮುಂದಕ್ಕೆ ವಾಲಿ ಬಿದ್ದುಬಿಟ್ಟರು. ಬೀಳುವಾಗ ಕೈ ಊರಲಿಲ್ಲ. ಎಸೆದ ಚೆಂಡು ಅವರ ಕಾಲಿಗೆ ತಾಗಿ ಹೊರಳಿತು.

ಈ ಪ್ರಕರಣದಲ್ಲಿ ನಾವು ಗಮನಿಸಬೇಕಾದ ಮೊದಲ ಸುಳಿವು ಇದು. ಎಡವಿದವರು ಕೈ ಊರುತ್ತಾರೆ. ಪೆಟ್ಟು ತಿಂದವರು ಪೆಟ್ಟಾದ ಜಾಗ ಹಿಡಿದುಕೊಳ್ಳುತ್ತಾರೆ, ನರಳುತ್ತಾರೆ. ಪ್ರಜ್ಞೆ ಮೊದಲೇ ಹೋಗಿ ಆಮೇಲೆ ಬೀಳುವವರು ಮಾತ್ರ ಹೀಗೆ ಬೀಳುತ್ತಾರೆ. ಜತೆಯಲ್ಲಿದ್ದ ಆಟಗಾರರಿಗೆ ಅದು ಕ್ಷಣದಲ್ಲೇ ತಿಳಿಯಿತು. ಕೈ ಬೀಸಿ ಕೂಗಿದರು. ಇಂಗ್ಲೆಂಡಿನ ರೆಫರಿ ಆಂಥನಿ ಟೇಲರ್ ಕೆಲವೇ ಸೆಕೆಂಡುಗಳಲ್ಲಿ ಆಟ ನಿಲ್ಲಿಸಿ ವೈದ್ಯರನ್ನು ಒಳಗೆ ಕರೆದರು. ಸಾಮಾನ್ಯವಾಗಿ ಆಟಗಾರ ಬಿದ್ದರೆ ರೆಫರಿ ಬಂದು ನೋಡುತ್ತಾರೆ, ಬಗ್ಗಿ ಮಾತಾಡಿಸುತ್ತಾರೆ, ಆಮೇಲೆ ಕರೆಯುತ್ತಾರೆ. ಟೇಲರ್ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಉಳಿದ ಜೀವದಲ್ಲಿ ಅವರದೂ ಒಂದು ಪಾಲಿದೆ ಎಂದೇ ನಾನು ನಂಬುತ್ತೇನೆ.

ನಾಯಕ ಸಿಮೋನ್ ಕೇರ್ ಓಡಿ ಬಂದು ಎರಿಕ್ಸನ್‌ರನ್ನು ಪಕ್ಕಕ್ಕೆ ಮಲಗಿಸಲು ನೆರವಾದರು. ತಂಡದ ವೈದ್ಯ ಮೊರ್ಟೆನ್ ಬೊಸೆನ್ ತಲುಪಿದಾಗ ಉಸಿರಾಟ ಇತ್ತು, ನಾಡಿಯೂ ಸಿಗುತ್ತಿತ್ತು ಎಂದು ಆಮೇಲೆ ಅವರೇ ಹೇಳಿದ್ದಾರೆ. ನೋಡನೋಡುತ್ತಿದ್ದಂತೆ ಅದು ಬದಲಾಯಿತು. ಕೂಡಲೇ ಎದೆ ಒತ್ತಲು ಶುರು ಮಾಡಿದರು.

ಮುಂದಿನದನ್ನು ಲಕ್ಷಾಂತರ ಜನ ಟಿವಿಯಲ್ಲಿ ನೋಡಿದರು. ಡೆನ್ಮಾರ್ಕ್ ಆಟಗಾರರು ಗೆಳೆಯನ ಸುತ್ತ ವೃತ್ತ ಕಟ್ಟಿ ನಿಂತರು. ಹೆಚ್ಚಿನವರು ಬೆನ್ನು ಒಳಕ್ಕೆ, ಮುಖ ಹೊರಕ್ಕೆ ಮಾಡಿದ್ದರು. ಕೆಲವರು ಅಳುತ್ತಿದ್ದರು. ಆದರೂ ಕದಲಲಿಲ್ಲ. ಫಿನ್‌ಲ್ಯಾಂಡ್ ಅಭಿಮಾನಿಗಳು ತಮ್ಮ ದೇಶದ ಬಾವುಟಗಳನ್ನು ಮರೆ ಮಾಡಲು ಎಸೆದರು. ಒಳಗೆ ಒಬ್ಬರು ಎದೆ ಒತ್ತುತ್ತಿದ್ದರು. ಇನ್ನೊಬ್ಬರು ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರದ, ಅಂದರೆ ಡಿಫಿಬ್ರಿಲೇಟರ್‌ನ ಪ್ಯಾಡ್ ಅಂಟಿಸುತ್ತಿದ್ದರು. ಮೈದಾನದಲ್ಲಿದ್ದ ಜರ್ಮನಿಯ ತುರ್ತು ಚಿಕಿತ್ಸಾ ವೈದ್ಯ ಯೆನ್ಸ್ ಕ್ಲೈನೆಫೆಲ್ಡ್ ಶಾಕ್ ಕೊಟ್ಟರು. ಒಂದೇ ಶಾಕ್. ಸುಮಾರು ಅರ್ಧ ನಿಮಿಷದಲ್ಲಿ ಎರಿಕ್ಸನ್ ಕಣ್ಣು ಬಿಟ್ಟರು. ಮರಳಿ ಬಂದಿರಾ ಎಂದು ಕೇಳಿದಾಗ, ಹೌದು ಬಂದಿದ್ದೇನೆ ಎಂದರಂತೆ. ನನಗಿನ್ನೂ 29 ವರ್ಷ ಅಲ್ವಾ ಎಂಬ ಅರ್ಥದ ಮಾತನ್ನೂ ಆಡಿದರಂತೆ.

ಇಷ್ಟೆಲ್ಲ ಆದ ಮೇಲೇ ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ದದ್ದು. ಡೆನ್ಮಾರ್ಕ್‌ನ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾದ ರಿಗ್ಸ್‌ಹಾಸ್ಪಿಟಲೆಟ್ ಅಲ್ಲಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನಡುವೆ ಒಂದು ಪಾರ್ಕ್, ಅಷ್ಟೇ. ಎತ್ತಿಕೊಂಡು ಹೊರಟಿದ್ದರೆ ಕೆಲವೇ ನಿಮಿಷದ ದಾರಿ. ಆದರೂ ಯಾರೂ ಎತ್ತಿಕೊಂಡು ಓಡಲಿಲ್ಲ. ಎರಿಕ್ಸನ್ ಬದುಕಿದ್ದು ಅದಕ್ಕೇ.

ನಿಂತ ಹೃದಯದ ಒಳಗೆ

ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಎದೆ ಹಿಂಡುತ್ತದೆ, ಬೆವರು ಬರುತ್ತದೆ, ಎಡಗೈ ಅಥವಾ ದವಡೆ ನೋಯಬಹುದು. ಗ್ಯಾಸ್ಟ್ರಿಕ್ ಇರಬೇಕು ಎಂದು ನಾವು ಮಾತ್ರೆ ನುಂಗಿ ಮಲಗುವುದು ಇಂಥ ಹೊತ್ತಲ್ಲೇ. ಆದರೆ ರೋಗಿಗೆ ಎಚ್ಚರ ಇರುತ್ತದೆ, ಮಾತಾಡುತ್ತಾರೆ. ಹೃದಯ ಬಡಿಯುತ್ತಲೇ ಇರುತ್ತದೆ. ಇಂಥವರನ್ನು ಬೇಗ ಆಸ್ಪತ್ರೆಗೆ ಸೇರಿಸುವುದೇ ಸರಿ.

ಕಾರ್ಡಿಯಾಕ್ ಅರೆಸ್ಟ್, ಅಂದರೆ ಹೃದಯ ಸ್ತಂಭನ, ಬೇರೆಯದೇ ಸಂಗತಿ. ಇಲ್ಲಿ ಹೃದಯ ರಕ್ತ ದೂಡುವುದನ್ನೇ ನಿಲ್ಲಿಸುತ್ತದೆ. ಎಷ್ಟೋ ಸಲ ಕಾರಣ ಹೃದಯದ ವಿದ್ಯುತ್ ಸಂಕೇತಗಳು ಕೆಡುವುದು. ಕೆಳಗಿನ ಕೋಣೆಗಳು ಲಯ ತಪ್ಪಿ ಸುಮ್ನೆ ನಡುಗತೊಡಗುತ್ತವೆ. ತೇರು ಎಳೆಯುವಾಗ ಎಲ್ಲರೂ ಒಂದೇ ಕೂಗಿಗೆ ಹಗ್ಗ ಜಗ್ಗಿದರೆ ತಾನೇ ತೇರು ಕದಲುವುದು? ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಬಲವೆಲ್ಲ ವ್ಯರ್ಥ. ಹೃದಯದ ಸ್ನಾಯುಗಳ ಗತಿಯೂ ಆಗ ಅದೇ. ಹಾರ್ಟ್ ಅಟ್ಯಾಕ್ ಆದವರಿಗೆ ಹೃದಯ ಸ್ತಂಭನವೂ ಆಗಬಹುದು. ಏನೂ ಕಾಯಿಲೆ ಗೊತ್ತಿಲ್ಲದ ಯುವಕರಿಗೂ ಆಗಬಹುದು.

ರಕ್ತ ಹರಿಯುವುದು ನಿಂತ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕಡಿಮೆ ಆಗುತ್ತದೆ. ಹತ್ತು ನಿಮಿಷ ಹೋಯಿತೆಂದರೆ ಉಳಿಯುವುದು ತೀರಾ ಕಮ್ಮಿ.

ಈ ಲೆಕ್ಕವನ್ನು ನಮ್ಮ ರಸ್ತೆಗೆ ತಂದು ನೋಡಿ. ಸಂಜೆ ಏಳು ಗಂಟೆಗೆ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡ ಆಂಬುಲೆನ್ಸ್‌ಗೆ ಆರು ನಿಮಿಷ ಯಾವ ಲೆಕ್ಕ? ಹಳ್ಳಿಯಲ್ಲಾದರೆ ತಾಲ್ಲೂಕು ಆಸ್ಪತ್ರೆಯೇ ಹತ್ತಾರು ಕಿಲೋಮೀಟರ್. ಚಾಲಕ ಎಷ್ಟೇ ಜೋರಾಗಿ ಓಡಿಸಿದರೂ ಈ ಕಂದಕ ತುಂಬುವುದಿಲ್ಲ. ಅದನ್ನು ತುಂಬಲು ಸಾಧ್ಯವಿರುವುದು ಪಕ್ಕದಲ್ಲಿ ನಿಂತವರಿಗೆ ಮಾತ್ರ.

ಎದೆ ಒತ್ತುವುದು ಹೃದಯವನ್ನು ಎಬ್ಬಿಸುವ ಉಪಾಯ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಮುಖ್ಯ ಕೆಲಸ ಬೇರೆ. ಹೃದಯ ಮಾಡದ ಕೆಲಸವನ್ನು ನಮ್ಮ ಕೈ ಹೊರಗಿನಿಂದ ಮಾಡುತ್ತದೆ. ಒತ್ತಿದಾಗ ರಕ್ತ ಹೊರಗೆ ಹೋಗುತ್ತದೆ, ಬಿಟ್ಟಾಗ ಮತ್ತೆ ತುಂಬಿಕೊಳ್ಳುತ್ತದೆ. ಮೆದುಳಿಗೂ ಹೃದಯದ ಸ್ನಾಯುವಿಗೂ ಅಷ್ಟಿಷ್ಟು ಆಮ್ಲಜನಕ ಸಿಗುತ್ತದೆ. ಹೀಗೆ ಸಮಯ ಕೊಂಡುಕೊಂಡ ಮೇಲೆ ಡಿಫಿಬ್ರಿಲೇಟರ್‌ನ ಶಾಕ್, ಅಡ್ಡಾದಿಡ್ಡಿ ನಡುಗುತ್ತಿದ್ದ ಸ್ನಾಯುಗಳನ್ನೆಲ್ಲ ಒಮ್ಮೆಗೇ ನಿಲ್ಲಿಸುತ್ತದೆ. ಆಗ ಹೃದಯದ ಸ್ವಂತ ಲಯ ಮತ್ತೆ ಶುರುವಾಗಲು ಅವಕಾಶ ಸಿಗುತ್ತದೆ. ಎರಿಕ್ಸನ್‌ಗೆ ಒಂದು ಶಾಕ್ ಸಾಕಾಯಿತು. ಬೇಗ ಕೊಟ್ಟದ್ದರಿಂದ, ಅಲ್ಲಿಯವರೆಗೆ ಕೈಗಳು ಕೆಲಸ ಮಾಡಿದ್ದರಿಂದ ಹೃದಯ ಶಾಕ್‌ಗೆ ಓಗೊಡುವ ಸ್ಥಿತಿಯಲ್ಲಿತ್ತು.

ಎಲ್ಲರಿಗೂ ಹೀಗೆ ಒಂದರಲ್ಲೇ ಆಗುವುದಿಲ್ಲ. 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಹೀಗೇ ಬಿದ್ದರು. ಪ್ರೇಕ್ಷಕರ ನಡುವೆ ಕೂತಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಮೈದಾನಕ್ಕಿಳಿದು ನೆರವಾದರು. 15 ಶಾಕ್ ಬೇಕಾದವು. ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ. ಅಷ್ಟೂ ಹೊತ್ತು ಎದೆ ಒತ್ತುವುದನ್ನು ಬಿಡಲಿಲ್ಲ. ಮುವಾಂಬಾ ಬದುಕಿದರು, ನಡೆದರು, ಮಾತಾಡಿದರು. ಆಟ ಮಾತ್ರ ಬಿಡಬೇಕಾಯಿತು.

ಬೆಂಗಳೂರಿನ ಆ ಸಂಜೆ

ಪಾರ್ಕೆನ್ ಕಥೆ ಓದುವಾಗ ಕನ್ನಡಿಗರಿಗೆ ಇನ್ನೊಂದು ಮೈದಾನ ನೆನಪಾಗಬೇಕು. ನಮ್ಮದೇ ಶ್ರೀ ಕಂಠೀರವ ಕ್ರೀಡಾಂಗಣ. 2004ರ ಡಿಸೆಂಬರ್ 5. ಫೆಡರೇಷನ್ ಕಪ್ ಫೈನಲ್, ಗೋವಾದ ಡೆಂಪೊ ಮತ್ತು ಕೋಲ್ಕತ್ತದ ಮೋಹನ್ ಬಾಗಾನ್ ನಡುವೆ. ಡೆಂಪೊ ಪರ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆಯುವ ಹೊತ್ತಿಗೆ ಎದುರು ಬಂದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಮತ್ತೆ ಏಳಲಿಲ್ಲ. ಡೆಂಪೊ 2-0 ಅಂತರದಲ್ಲಿ ಗೆದ್ದಿತು. ಎರಡೂ ಗೋಲು ಹೊಡೆದವರು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅವರು ಹಾಕುತ್ತಿದ್ದ 10ನೇ ನಂಬರಿನ ಜೆರ್ಸಿಯನ್ನು ಕ್ಲಬ್ ಆಮೇಲೆ ಯಾರಿಗೂ ಕೊಡದೆ ಎತ್ತಿಟ್ಟಿತು.

ಮೈದಾನದಲ್ಲಿ ತಕ್ಷಣ ಸಿಗಬೇಕಿದ್ದ ವೈದ್ಯಕೀಯ ನೆರವು ಸಿಗಲಿಲ್ಲ ಎಂಬ ದೂರು ಆಗಲೇ ಜೋರಾಗಿ ಕೇಳಿಬಂತು. ಕಂಠೀರವ ಇರುವುದು ಊರ ನಟ್ಟನಡುವೆ. ಸುತ್ತಮುತ್ತ ಹೆಸರುವಾಸಿ ಆಸ್ಪತ್ರೆಗಳಿವೆ. ಪಾರ್ಕೆನ್ ಪಕ್ಕದಲ್ಲೂ ಆಸ್ಪತ್ರೆ, ಇಲ್ಲಿಯೂ ಆಸ್ಪತ್ರೆ. ಅಂದರೆ ಎರಡು ಮೈದಾನಗಳ ನಡುವಿನ ವ್ಯತ್ಯಾಸ ಕಟ್ಟಡದಲ್ಲಿ ಇರಲಿಲ್ಲ, ಬಿದ್ದ ಜಾಗದಲ್ಲಿ ಮೊದಲ ನಿಮಿಷಗಳಲ್ಲಿ ಏನಾಯಿತು ಎಂಬುದರಲ್ಲಿ ಇತ್ತು. ಡಿಕ್ಕಿಯೂ ಸೇರಿದ್ದರಿಂದ ಈ ಎರಡು ಪ್ರಕರಣ ಒಂದೇ ತೂಕದವಲ್ಲ, ನಿಜ. ಎದೆ ಒತ್ತಿ ಶಾಕ್ ಕೊಟ್ಟಿದ್ದರೆ ಅವರು ಖಂಡಿತ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಅವರಿಗೆ ಆ ಅವಕಾಶ ಪೂರ್ತಿಯಾಗಿ ಸಿಗಲಿಲ್ಲ ಎಂಬುದೇ ನನ್ನ ನೋವು.

ಫುಟ್‌ಬಾಲ್ ಲೋಕ ಪಾಠ ಕಲಿತದ್ದು ಇಂಥ ಸಾವುಗಳಿಂದಲೇ. 2003ರ ಜೂನ್ 26ರಂದು ಫ್ರಾನ್ಸ್‌ನ ಲಿಯಾನ್‌ನಲ್ಲಿ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಮೈದಾನದ ನಡುವೆ ಕುಸಿದು ತೀರಿಕೊಂಡರು. ಅವರ ಹತ್ತಿರವೂ ಯಾರೂ ಇರಲಿಲ್ಲ. 2013ರಲ್ಲಿ ಫಿಫಾ ತನ್ನ ಸದಸ್ಯ ದೇಶಗಳಿಗೆ ಡಿಫಿಬ್ರಿಲೇಟರ್ ಇರುವ ತುರ್ತು ಚೀಲ ಕಳಿಸಿತು. ಪಾರ್ಕೆನ್‌ನಲ್ಲಿ ಎಲ್ಲರೂ ಅಷ್ಟು ಚುರುಕಾಗಿ ಕೆಲಸ ಮಾಡಿದ್ದರ ಹಿಂದೆ ಇಷ್ಟು ವರ್ಷಗಳ ತಯಾರಿ ಇತ್ತು.

ನಾವು ಮಾಡುವುದು, ಮಾಡಬೇಕಾದ್ದು

ನಮ್ಮ ಬೀದಿಯಲ್ಲಿ ಒಬ್ಬರು ಹೀಗೆ ಬಿದ್ದರೆ ಏನಾಗುತ್ತದೆ? ಮೊದಲು ಜನ ಸೇರುತ್ತಾರೆ. ಹೃದಯ ನಿಂತ ಶುರುವಿನಲ್ಲಿ ಕೆಲವರ ಕೈಕಾಲು ಜಗ್ಗುತ್ತವೆ. ಅದನ್ನು ನೋಡಿ ಯಾರೋ ಫಿಟ್ಸ್ ಅನ್ನುತ್ತಾರೆ. ಕೈಗೆ ಬೀಗದ ಕೈ ತುರುಕುತ್ತಾರೆ. ಮುಖಕ್ಕೆ ನೀರು ಚಿಮುಕಿಸುತ್ತಾರೆ, ಬಾಯಿಗೂ ಹುಯ್ಯುತ್ತಾರೆ. ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಆಮೇಲೆ ನಾಲ್ಕು ಜನ ಸೇರಿ ಆಟೊದಲ್ಲಿ ಮಡಚಿ ಕೂರಿಸಿಕೊಂಡು ಹೊರಡುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆಟೊದ ಸೀಟಿನಲ್ಲಿ ಮಾತ್ರ ಎದೆ ಒತ್ತಲು ಬರುವುದಿಲ್ಲ. ಆಸ್ಪತ್ರೆ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಆರು ನಿಮಿಷ ಮುಗಿದಿರುತ್ತದೆ.

ಇನ್ನೊಂದು ಮೋಸ ಮಾಡುವ ಸಂಗತಿ ಉಸಿರು. ಹೃದಯ ನಿಂತ ಮೇಲೂ ಕೆಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯ ಹಾಗೆ ಉಸಿರು ಎಳೆಯುತ್ತಾರೆ. ಉಸಿರಾಡ್ತಿದ್ದಾರೆ, ಪರವಾಗಿಲ್ಲ ಎಂದು ಸುತ್ತಲಿನವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದು ಉಸಿರಾಟ ಅಲ್ಲ, ಮೆದುಳಿನ ಕೊನೆಯ ಒದ್ದಾಟ. ತಟ್ಟಿ ಕೂಗಿದರೂ ಓಗೊಡುತ್ತಿಲ್ಲ, ಉಸಿರು ಸರಾಗವಾಗಿಲ್ಲ ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿದು ಮುಂದುವರಿಯಬೇಕು. ನಾಡಿ ಹುಡುಕುತ್ತಾ ಕೂರುವುದು ಬೇಡ. ನಮ್ಮಂಥವರಿಗೆ ಗಾಬರಿಯಲ್ಲಿ ಅದು ಸಿಗುವುದೂ ಇಲ್ಲ.

ಒಬ್ಬರು 108 ಅಥವಾ 112ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಲಿ. ಅಕ್ಕಪಕ್ಕದಲ್ಲಿ ಎಇಡಿ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಡಿಫಿಬ್ರಿಲೇಟರ್, ಇದ್ದರೆ ಇನ್ನೊಬ್ಬರು ಓಡಿ ತರಲಿ. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಾಸಿಗೆಯ ಮೇಲಿದ್ದರೆ ಕೆಳಗಿಳಿಸಿ, ಇಲ್ಲದಿದ್ದರೆ ಒತ್ತಿದ ಬಲವೆಲ್ಲ ಹಾಸಿಗೆಗೇ ಹೋಗುತ್ತದೆ. ಮೊಣಕಾಲೂರಿ ಪಕ್ಕದಲ್ಲಿ ಕೂತು ಎದೆಯ ನಡುವಿನ ಮೂಳೆಯ ಕೆಳಭಾಗದ ಮೇಲೆ ಒಂದು ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ತೋಳಿನ ಬಲದಿಂದ ಒತ್ತಿದರೆ ಬೇಗ ಸುಸ್ತಾಗುತ್ತೀರಿ, ಮೈಭಾರ ಹಾಕಬೇಕು. ದೊಡ್ಡವರ ಎದೆ ಐದರಿಂದ ಆರು ಸೆಂಟಿಮೀಟರ್ ಒಳಕ್ಕೆ ಹೋಗಬೇಕು. ಇದು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಎರಡಕ್ಕೆ ಹತ್ತಿರ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ, ನಡುವೆ ಬಿಡುವು ಕೊಡಬೇಡಿ. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಉಸಿರು ಕೊಡದೆ ಬರೀ ಎದೆ ಒತ್ತಿದರೂ ಸಾಕು. ಮಕ್ಕಳು, ನೀರಲ್ಲಿ ಮುಳುಗಿದವರ ವಿಷಯದಲ್ಲಿ ಉಸಿರು ಕೊಡುವುದೂ ಮುಖ್ಯ.

ಪಕ್ಕೆಲುಬು ಮುರಿದರೆ? ಮುರಿಯಬಹುದು. ಅದು ವಾಸಿಯಾಗುತ್ತದೆ. ಬಿದ್ದವರು ಹೆಣ್ಣುಮಗಳಾದರೆ? ಇಲ್ಲಿ ನಾವು ಹಿಂಜರಿಯುತ್ತೇವೆ. ನಾವಷ್ಟೇ ಅಲ್ಲ, ಬೇರೆ ದೇಶಗಳಲ್ಲೂ ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗಿಂತ ಕಮ್ಮಿ ಸಲ ಎದೆ ಒತ್ತುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಈ ಮುಜುಗರಕ್ಕೆ ಒಂದು ಜೀವದ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸುತ್ತ ನಿಂತವರು ಸೀರೆಯೋ ದುಪಟ್ಟಾವೋ ಹಿಡಿದು ಮರೆ ಮಾಡಲಿ. ಡೆನ್ಮಾರ್ಕ್ ಆಟಗಾರರು ವೃತ್ತ ಕಟ್ಟಿ ಮಾಡಿದ್ದೂ ಅದನ್ನೇ.

ಎಇಡಿ ಎಂಬ ಯಂತ್ರದ ಬಗ್ಗೆ ಹೆದರಿಕೆ ಬೇಡ. ಸ್ವಿಚ್ ಒತ್ತಿದರೆ ಮಾತಾಡುತ್ತದೆ, ಪ್ಯಾಡ್ ಎಲ್ಲಿ ಅಂಟಿಸಬೇಕೆಂದು ಚಿತ್ರದಲ್ಲಿ ತೋರಿಸುತ್ತದೆ. ಹೃದಯದ ಲಯವನ್ನು ತಾನೇ ಓದಿ, ಶಾಕ್ ಬೇಕಿದ್ದರೆ ಮಾತ್ರ ಕೊಡುತ್ತದೆ. ಬೇಡದವರಿಗೆ ನಾವು ಕೊಡಲು ಹೋದರೂ ಅದು ಕೊಡುವುದಿಲ್ಲ. ಶಾಕ್ ಹೊತ್ತಿಗೆ ಯಾರೂ ಮುಟ್ಟಬಾರದು. ಕೊಟ್ಟ ಕೂಡಲೇ ಮತ್ತೆ ಒತ್ತಲು ಶುರು ಮಾಡಬೇಕು.

ಆಮೇಲೆ ಏನಾಯಿತು

ಪಂದ್ಯ ಅದೇ ರಾತ್ರಿ ಮುಂದುವರಿಯಿತು. ಫಿನ್‌ಲ್ಯಾಂಡ್ 1-0 ಅಂತರದಲ್ಲಿ ಗೆದ್ದಿತು. ಎರಿಕ್ಸನ್ ಎದೆಗೆ ಐಸಿಡಿ ಎಂಬ ಪುಟ್ಟ ಸಾಧನ ಅಳವಡಿಸಿದರು. ಲಯ ತಪ್ಪಿದರೆ ಅದು ಒಳಗಿನಿಂದಲೇ ಶಾಕ್ ಕೊಡುತ್ತದೆ. ಜೂನ್ 18ಕ್ಕೆ ಆಸ್ಪತ್ರೆಯಿಂದ ಬಿಡುಗಡೆ. ಈ ಸಾಧನ ಹಾಕಿಕೊಂಡು ಇಟಲಿಯ ಲೀಗ್‌ನಲ್ಲಿ ಆಡುವಂತಿಲ್ಲವಾದ್ದರಿಂದ ಇಂಟರ್ ಮಿಲಾನ್ ಜತೆಗಿನ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಿತು. 2022ರ ಜನವರಿ ಕೊನೆಗೆ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಅವರನ್ನು ಸೇರಿಸಿಕೊಂಡಿತು. ಮಾರ್ಚ್ 26ರಂದು ಡೆನ್ಮಾರ್ಕ್ ಪರ ಮತ್ತೆ ಮೈದಾನಕ್ಕಿಳಿದು ಎರಡೇ ನಿಮಿಷದಲ್ಲಿ ಗೋಲು ಹೊಡೆದರು. ಮೂರು ದಿನದ ನಂತರ ಪಾರ್ಕೆನ್‌ನಲ್ಲೇ ಇನ್ನೊಂದು. ಮುಂದಿನ ಯುರೋ ಕಪ್‌ನಲ್ಲಿ, 2024ರ ಜೂನ್ 16ರಂದು, ಸ್ಲೊವೇನಿಯಾ ವಿರುದ್ಧ ಮತ್ತೊಂದು. ಇಲ್ಲಿ ಗೋಲಿಗಿಂತ ದೊಡ್ಡದು, ಅವರ ಮೆದುಳಿಗೆ ಏನೂ ಆಗಿರಲಿಲ್ಲ ಎಂಬುದು. ಪಾಸ್ ಕೊಡುವ ಆ ಕಣ್ಣಳತೆ ಹಾಗೇ ಉಳಿದಿತ್ತು. ಎದೆ ಒತ್ತಿದ ಕೈಗಳು ಉಳಿಸಿದ್ದು ಇದನ್ನು.

ಎರಿಕ್ಸನ್‌ರ ಹೃದಯವನ್ನು ಮೊದಲು ಪರೀಕ್ಷಿಸಿರಲಿಲ್ಲವೇ? ವರ್ಷವರ್ಷವೂ ಪರೀಕ್ಷಿಸಿದ್ದರು. ಟಾಟನ್‌ಹ್ಯಾಮ್ ತಂಡದಲ್ಲಿದ್ದಾಗ ಅವರನ್ನು ನೋಡುತ್ತಿದ್ದ ಹೃದ್ರೋಗ ತಜ್ಞ ಸಂಜಯ್ ಶರ್ಮಾ, ಪರೀಕ್ಷೆಗಳೆಲ್ಲ ಸರಿಯಿದ್ದವು ಎಂದೇ ಹೇಳಿದರು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕ್ಯೂ ನಿಂತರು. ಅವರ ಭಯ ನನಗೆ ಅರ್ಥವಾಗುತ್ತದೆ. ಬಿಪಿ, ಶುಗರ್ ನೋಡಿಸಿಕೊಳ್ಳಬೇಕು, ಬೀಡಿ ಸಿಗರೇಟು ಬಿಡಬೇಕು. ಆದರೆ ಇಸಿಜಿ ನಾರ್ಮಲ್ ಬಂದವರೂ ಬೀಳಬಹುದು. ಬಿದ್ದಾಗ ಬೇಕಾಗುವುದು ಪಕ್ಕದವರ ಕೈ. ಹೆಚ್ಚಿನ ಹೃದಯ ಸ್ತಂಭನಗಳು ಆಗುವುದು ಮನೆಯಲ್ಲೇ. ಅಲ್ಲಿ ಆ ಪಕ್ಕದವರು ಅಮ್ಮನೋ ಮಗನೋ ಆಗಿರುತ್ತಾರೆ.

ಡೆನ್ಮಾರ್ಕ್ ಇದನ್ನು ಬೇಗ ಕಂಡುಕೊಂಡಿತು. 2005ರಿಂದ ಶಾಲೆಗಳಲ್ಲಿ ಸಿಪಿಆರ್, ಅಂದರೆ ಹೀಗೆ ಎದೆ ಒತ್ತಿ ಜೀವ ಉಳಿಸುವ ವಿಧಾನ, ಕಲಿಸುವುದು ಕಡ್ಡಾಯ. 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕೆಂದರೂ ಕಲಿಯಲೇಬೇಕು. 2001ರಲ್ಲಿ ಆ ದೇಶದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನೂರಕ್ಕೆ 21 ಮಂದಿಗೆ ಮಾತ್ರ ದಾರಿಹೋಕರು ಎದೆ ಒತ್ತುತ್ತಿದ್ದರು. 2010ಕ್ಕೆ ಅದು 45ರ ಹತ್ತಿರ ಬಂತು. ಒಂದು ತಿಂಗಳ ನಂತರ ಬದುಕಿರುವವರ ಪ್ರಮಾಣ ಇದೇ ಅವಧಿಯಲ್ಲಿ 3.5ರಿಂದ 10.8ಕ್ಕೆ ಏರಿತು. ಮೂರು ಪಟ್ಟು. ಇದೊಂದರಿಂದಲೇ ಅಲ್ಲ, ಚಿಕಿತ್ಸೆಯೂ ಸುಧಾರಿಸಿತ್ತು. ಆದರೂ ಸಾಮಾನ್ಯ ಜನರ ಕೈಗಳ ಪಾಲು ಅದರಲ್ಲಿ ದೊಡ್ಡದು.

ಕರ್ನಾಟಕದಲ್ಲಿ 108 ಸೇವೆ 2008ರಿಂದ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ಹಾರ್ಟ್ ಅಟ್ಯಾಕ್ ಆದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಒಳ್ಳೆಯ ಕೆಲಸ ಅದರಲ್ಲಿದೆ. ಇದಕ್ಕೆ ಇನ್ನೊಂದು ಕೊಂಡಿ ಸೇರಿಸಬೇಕು ಎಂಬುದು ನನ್ನ ಒತ್ತಾಯ. ಡ್ರೈವಿಂಗ್ ಕಲಿಯಲು ಎಲ್‌ಎಲ್‌ಗೆ ಅರ್ಜಿ ಹಾಕುವ ಪ್ರತಿಯೊಬ್ಬರಿಗೂ, ಹೈಸ್ಕೂಲಿನ ಪ್ರತಿ ಮಗುವಿಗೂ ಗೊಂಬೆಯ ಎದೆ ಒತ್ತಿಸಿ ಎರಡು ಗಂಟೆ ಕಲಿಸಬೇಕು. ಬಸ್ ಕಂಡಕ್ಟರ್‌ಗಳು, ಪೊಲೀಸರು, ಜಿಮ್ ತರಬೇತುದಾರರು, ಕಲ್ಯಾಣ ಮಂಟಪದ ಮ್ಯಾನೇಜರ್‌ಗಳು ಮೊದಲ ಸಾಲಿನಲ್ಲಿ ಕಲಿಯಲಿ. ಅಪಾರ್ಟ್‌ಮೆಂಟ್‌ಗೆ ಎಇಡಿ ತರಿಸುವವರು ಅದನ್ನು ಆಫೀಸ್ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಲಿಫ್ಟ್ ಪಕ್ಕದ ಗೋಡೆಗೆ ತೂಗುಹಾಕಿ, ರಾತ್ರಿ ಪಾಳಿಯ ಸೆಕ್ಯುರಿಟಿಗೂ ಬಳಸಲು ಕಲಿಸಿ. ಬ್ಯಾಟರಿ ಮತ್ತು ಪ್ಯಾಡ್‌ಗಳಿಗೆ ಮುಗಿಯುವ ತಾರೀಖು ಇರುತ್ತದೆ, ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ.